ಬೀದಿಗೆ ಬಂದ ಪಾಲಿಕೆ ಮನೆಯೊಳಗೆ ಬಂದೀತೇ?

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಸ್ವಂತಕ್ಕೊಂದು ಮನೆಯೋ ಮಳಿಗೆಯೋ ಇರುವವರು ವರ್ಷಕ್ಕೊಮ್ಮೆ ಪಾಲಿಕೆಗೆ ಕಂದಾಯ ಕಟ್ಟುತ್ತಾರೆ. ಆಸ್ತಿ ತೆರಿಗೆಯ ಮೊತ್ತದ ಮೇಲೆ ಒಂದಿಷ್ಟು ಉಪಕರಗಳು ಸೇರುತ್ತವೆ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಗ್ರಂಥಾಲಯ ಕರ ಏನಾಗುತ್ತದೆ ಎಂದು ಕೇಳಿದರೆ ಯಾರಾದರೂ ಹತ್ತಿರದ ವಾಚನಾಲಯದ ಕಡೆ ಕೈ ತೋರಿಸಿಯಾರು. ಭಿಕ್ಷುಕರ ಕರ ಎಲ್ಲಿಗೆ ಹೋಗುತ್ತದೆ ಎಂದರೆ ಉತ್ತರ ಅಷ್ಟು ಸಲೀಸಲ್ಲ. ಅದು ಮೊಹಲ್ಲಾದಲ್ಲಿ ಉಳಿಯುವುದಿಲ್ಲ. ಪಾಲಿಕೆಯ ಬೊಕ್ಕಸದಲ್ಲೂ ಉಳಿಯಕೂಡದು. ರಾಜ್ಯ ಮಟ್ಟದ ಕೇಂದ್ರ ಪರಿಹಾರ ಸಮಿತಿಗೆ ಹೋಗಿ, ಅಲ್ಲಿಂದ ಜ್ಯೋತಿನಗರದಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರದಂಥ ಜಾಗಗಳ ಖರ್ಚಿಗೆ ಬರಬೇಕು.

ಕರ್ನಾಟಕದ ನಗರವಾಸಿಯೊಬ್ಬ ತನ್ನ ಊರಿನ ಅಸಹಾಯಕ ವಯಸ್ಕರಿಗಾಗಿ ಎಂದೇ ನೇರವಾಗಿ ತೆರುವ ತೆರಿಗೆ ಇದೊಂದೇ. ಉಳಿದ ಹಣವೆಲ್ಲ ಬೇರೆ ಬೇರೆ ಇಲಾಖೆಗಳ ಖಾತೆಗಳಲ್ಲಿ ಹರಿದು ಬರುತ್ತದೆ. ಕೈಲಾಗದ ಮುದುಕರು, ಹಾಸಿಗೆ ಹಿಡಿದವರು, ಅಂಗವಿಕಲರು, ದಿಕ್ಕಿಲ್ಲದವರು: ಇವರನ್ನು ನೋಡಿಕೊಳ್ಳುವ ಹೊಣೆ ಊರಾಡಳಿತದ್ದೇ, ಅರಮನೆಯದ್ದೇ, ಆಸ್ಪತ್ರೆಯದ್ದೇ, ಮನೆಯವರದ್ದೇ ಎಂಬ ಪ್ರಶ್ನೆ ಮೈಸೂರಿನಲ್ಲಿ ಒಂದೂವರೆ ಶತಮಾನ ಹಳೆಯದು. ಅದರ ಹೆಜ್ಜೆಗುರುತು ಹುಡುಕಲು ಮಂಡಿ ಮೊಹಲ್ಲಾಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸಯ್ಯಾಜಿರಾವ್ ರಸ್ತೆಯಿಂದ ಪೂರ್ವಕ್ಕೆ ಹೊರಳಿದರೆ ಅಕ್ಬರ್ ರಸ್ತೆ, ಕಬೀರ್ ರಸ್ತೆ, ಕೆ.ಟಿ. ಸ್ಟ್ರೀಟ್, ಬೆಂಕಿ ನವಾಬ್ ಸ್ಟ್ರೀಟ್ ಎಂದು ಗಲ್ಲಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೋಟೆ, ಲಷ್ಕರ್, ದೇವರಾಜ, ಕೃಷ್ಣರಾಜ, ಚಾಮರಾಜ, ನಜರ್‌ಬಾದ್ ಮೊಹಲ್ಲಾಗಳ ಜೊತೆಗೆ ಹಳೆಯ ಮೈಸೂರನ್ನು ಕಟ್ಟಿದ ಪೇಟೆ ಇದು. ಸಗಟು ವ್ಯಾಪಾರದ ಮಂಡಿಗಳಿದ್ದ ಕಡೆ ಮೂಟೆ ಹೊರುವವರು, ಗಾಡಿ ಹೊಡೆಯುವವರು, ತೂಕ ಹಾಕುವವರು, ಬೀಡಿ ಕಟ್ಟುವವರು ನೆಲೆಸಿದರು. ಬೆನ್ನು ಗಟ್ಟಿಯಿರುವ ತನಕ ದುಡಿಮೆ, ಬೆನ್ನು ಬಾಗಿದ ದಿನ ಕೂಲಿ ನಿಂತಿತು. ಹಮಾಲಿಗೆ ನಿವೃತ್ತಿ ವೇತನ ಎಂಬುದು ಆಗ ಊಹೆಗೂ ನಿಲುಕದ ಮಾತು. ಮೈಸೂರು ಸಂಸ್ಥಾನ 1891ರ ಹೊತ್ತಿಗೇ ತನ್ನ ನೌಕರರಿಗಾಗಿ ವಿಮಾ ಯೋಜನೆ ತಂದಿತ್ತು. ಕಚೇರಿಯ ಗುಮಾಸ್ತನ ಮುಪ್ಪಿಗೆ ಲೆಕ್ಕಾಚಾರ ಶುರುವಾಗಿದ್ದ ಕಾಲದಲ್ಲಿ ಮಂಡಿಯ ಕೂಲಿಯ ಮುಪ್ಪಿನ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ.

ಹಾಗೆಂದು ಆರೈಕೆಯೇ ಇರಲಿಲ್ಲ ಎನ್ನುವಂತಿಲ್ಲ. ಮುಜರಾಯಿ ಇಲಾಖೆಯ ಖರ್ಚಿನಲ್ಲಿ ಛತ್ರಗಳು ನಡೆಯುತ್ತಿದ್ದವು, ಸದಾವರ್ತಿ ಸಿಗುತ್ತಿತ್ತು. ಮಸೀದಿಗಳ ಸುತ್ತ ಜಕಾತ್, ದೇವಸ್ಥಾನಗಳಲ್ಲಿ ಅನ್ನದಾನ, ಇಗರ್ಜಿಗಳಲ್ಲಿ ಬಡವರ ಪೆಟ್ಟಿಗೆ. ಆದರೆ ಈ ದಾನಗಳಿಗೆಲ್ಲ ಜಾತಿ ಮತಗಳ ಅಂಗಳವಿತ್ತು. ಯಾರು ಯಾವ ಪಂಕ್ತಿಗೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ದಾನ ಕೊಡುವವನ ಪುಣ್ಯವಾಗಿತ್ತೇ ಹೊರತು ಪಡೆಯುವವನ ಹಕ್ಕಾಗಿರಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ದಾನಿಯ ಕಣಜವೂ ಬರಿದು.

ಆಗಿದ್ದೂ ಅದೇ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಜನ ಹೆಸರಿಟ್ಟ 1876-78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯೇ ಕುಸಿಯಿತು. 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದದ್ದು 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಬ್ರಿಟಿಷ್ ಕಮಿಷನರ ಆಳ್ವಿಕೆಯ ಕಡೆಯ ವರ್ಷಗಳವು. ಗಂಜಿ ಕೇಂದ್ರಗಳು ತೆರೆದವು, ಕೆರೆ ರಸ್ತೆಗಳ ಕಾಮಗಾರಿಗೆ ಕೂಲಿ ಕೊಟ್ಟರು. ದುಡಿಯಬಲ್ಲವನಿಗೆ ಕಾಮಗಾರಿ, ದುಡಿಯಲಾರದವನಿಗೆ ಗಂಜಿ: ಈ ವಿಂಗಡಣೆಯನ್ನು ಸರ್ಕಾರವೊಂದು ಇಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಆಗಲೇ. ಬರ ಮುಗಿಯಿತು, ಗಂಜಿ ಒಲೆ ಆರಿತು. ದುಡಿಯಲಾರದವರು ಮತ್ತೆ ಮನೆಯವರ ಪಾಲಾದರು. ಮನೆಯಿಲ್ಲದವರು ಬೀದಿಯ ಪಾಲಾದರು.

ಮುಂದಿನ ಹೊಡೆತ ಪ್ಲೇಗಿನದು. ಮೈಸೂರು ನಗರಾಡಳಿತದ ಸ್ವಭಾವವನ್ನು ಇಂದಿಗೂ ರೂಪಿಸಿರುವ ಘಟನೆ ಯಾವುದೆಂದರೆ ಇದನ್ನೇ ಹೇಳಬೇಕು. 1898ರಲ್ಲಿ ಬೆಂಗಳೂರಿಗೆ ಬಂದ ಮಾರಿ ಮೈಸೂರಿಗೂ ಹಬ್ಬಿತು. ಸಂಸ್ಥಾನವು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ಮುಂದೆ 1906ರಲ್ಲಿ ದಿವಾನರಾದವರು ಅವರೇ. 1891ರಲ್ಲಿ 74,048 ಇದ್ದ ಮೈಸೂರಿನ ಜನಸಂಖ್ಯೆ 1901ರ ಹೊತ್ತಿಗೆ 68,111ಕ್ಕೆ ಇಳಿದಿತ್ತು. ಸಾವು ಒಂದು ಕಡೆ, ಊರು ಬಿಟ್ಟವರು ಇನ್ನೊಂದು ಕಡೆ. ಇಕ್ಕಟ್ಟಾದ ಮೊಹಲ್ಲಾಗಳಲ್ಲಿ ಇಲಿ ಬಿದ್ದ ಮನೆಯನ್ನು ಖಾಲಿ ಮಾಡಿಸುವುದು, ರೋಗಿಯನ್ನು ಊರ ಹೊರಗಿನ ಶಿಬಿರಕ್ಕೆ ಸಾಗಿಸುವುದು, ಸುಣ್ಣ ಬಳಿಸುವುದು, ಚರಂಡಿ ತೋಡಿಸುವುದು ಆಡಳಿತದ ನಿತ್ಯದ ಕೆಲಸವಾಯಿತು.

1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ನಗರವೊಂದನ್ನು ಯೋಜನೆ ಹಾಕಿ ಬೆಳೆಸಲು ಏಷ್ಯಾದಲ್ಲೇ ಮೊದಮೊದಲು ಕಟ್ಟಿದ ಸಂಸ್ಥೆಗಳಲ್ಲಿ ಒಂದೆಂದು ಮೈಸೂರಿಗರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆ ಹೆಮ್ಮೆ ಸರಿಯಾದದ್ದೇ. ಅಗಲ ರಸ್ತೆ, ಹೊಸ ಬಡಾವಣೆ, ಒಳಚರಂಡಿ, ಉದ್ಯಾನ ಎಲ್ಲದರ ಬೇರು ಅಲ್ಲಿದೆ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಊರಾಡಳಿತಕ್ಕೆ ಆಗ ಮನೆಯೊಳಗೆ ಕಾಲಿಡಲು ಇದ್ದ ಕಾರಣ ಒಂದೇ, ರೋಗ ಹೊರಗೆ ಹರಡದಿರಲಿ ಎಂಬುದು. ಮನೆಯ ಮೂಲೆಯಲ್ಲಿ ಮಲಗಿದ್ದ ಮುದುಕಿ ಪ್ಲೇಗಿನ ಗಡ್ಡೆಯಿಲ್ಲದವಳಾಗಿದ್ದರೆ ಇನ್‌ಸ್ಪೆಕ್ಟರ್ ಮುಂದಿನ ಮನೆಗೆ ಹೋಗುತ್ತಿದ್ದ. ಚರಂಡಿಯನ್ನು ನೋಡಲು ಕಲಿತ ಆಡಳಿತಕ್ಕೆ ಹಾಸಿಗೆ ಹಿಡಿದವರನ್ನು ನೋಡುವ ಪಾಠ ಆಗಲಿಲ್ಲ. ಈ ಕೊರತೆ ಯಾರ ಕೆಟ್ಟತನದಿಂದಲೂ ಬಂದದ್ದಲ್ಲ. ಸಂಸ್ಥೆ ಹುಟ್ಟಿದ ಘಳಿಗೆ ಅಂಥದ್ದು.

ಆ ಪಾಠವನ್ನು ಅದೇ ವರ್ಷಗಳಲ್ಲಿ ಬೇರೆಯವರು ಕಲಿತರು. ಮಂಡಿ ಮೊಹಲ್ಲಾದ ಸಾಡೇ ರಸ್ತೆಯ ಹೆಸರು ವೆಸ್ಲಿಯನ್ ಮಿಷನರಿ ಜಾರ್ಜ್ ಸಾಡೇ ಅವರದು. ಈ ರಸ್ತೆಯಲ್ಲಿ 1906ರಲ್ಲಿ ತೆರೆದ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೊಹಲ್ಲಾದ ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. ಮಿಷನರಿ ವಿಲಿಯಂ ಹೋಲ್ಡ್ಸ್‌ವರ್ತ್ ಅವರ ಪತ್ನಿಯ ನೆನಪಿನಲ್ಲಿ ಹೆಂಗಸರು ಮಕ್ಕಳಿಗಾಗಿ ಕಟ್ಟಿದ್ದು. ಗಂಡಸು ವೈದ್ಯರ ಮುಂದೆ ಬರಲೊಪ್ಪದ ಪರದೆಯ ಹೆಂಗಸರು ಸುತ್ತಮುತ್ತ ಹೆಚ್ಚಿದ್ದ ಪೇಟೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ದಾದಿಯರನ್ನು ತರಬೇತು ಮಾಡುವ ಪರಿಪಾಠವೂ ಇಲ್ಲಿ ಬೇರುಬಿಟ್ಟಿತು. ರೋಗಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ತುತ್ತು ತಿನ್ನಿಸುವ ಕೆಲಸಕ್ಕೂ ಕಲಿಕೆ ಬೇಕು, ಸಂಬಳ ಬೇಕು ಎಂಬುದನ್ನು ಮೊಹಲ್ಲಾ ಮೊದಲು ಕಂಡದ್ದು ಇಂಥ ದಾದಿಯರಲ್ಲಿ.

ಪಕ್ಕದ ತಿಲಕ್‌ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆಗಳಿವೆ. ಅವುಗಳ ಮೂಲ 1901ಕ್ಕೆ ಹೋಗುತ್ತದೆ; ದೇಶದಲ್ಲಿ ಇಂಥ ಶಾಲೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲವದು. ಪತ್ರಕರ್ತ, ಶಿಕ್ಷಕ ಎಂ. ವೆಂಕಟಕೃಷ್ಣಯ್ಯ, ಊರಿನವರ ಬಾಯಲ್ಲಿ ತಾತಯ್ಯ, ಅನಾಥಾಲಯ ಕಟ್ಟಿದರು. ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಊರಾಚೆ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿದ್ದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದ ಮೇಲೆ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಜನರ ದೊಡ್ಡಾಸ್ಪತ್ರೆಗೆ, ಸುತ್ತಲ ಜಿಲ್ಲೆಗಳ ಭಾರವೂ ಬಿತ್ತು. ಅರಮನೆ, ಮಿಷನ್, ಮಹನೀಯರೊಬ್ಬರ ಛಲ: ಮೈಸೂರಿನಲ್ಲಿ ಆರೈಕೆಯ ಮನೆಗಳು ಎದ್ದದ್ದು ಈ ಮೂರು ಬಲಗಳಿಂದ. ಈ ಪಟ್ಟಿಯಲ್ಲಿ ಪುರಸಭೆಯ ಹೆಸರು ಹುಡುಕಿದರೂ ಸಿಗುವುದಿಲ್ಲ.

ಪುರಸಭೆಗೆ ಪಾಲು ಸಿಕ್ಕಿದ್ದು ಬೇರೆ ದಾರಿಯಲ್ಲಿ. ಸಂಸ್ಥಾನದ ಕೊನೆಗಾಲದಲ್ಲಿ, 1944ರಲ್ಲಿ, ಮೈಸೂರು ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ರಾಜ್ಯಗಳ ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ 1975ರಲ್ಲಿ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಾಯಿತು. ಶೇ 3ರ ಕರಕ್ಕೆ ಆಧಾರ ಈ ಕಾಯ್ದೆಯೇ. ಅದರ ಪ್ರಕಾರ ಬೇಡುವವರನ್ನು ಹಿಡಿದು ವಿಚಾರಣೆ ನಡೆಸಿ ಪರಿಹಾರ ಕೇಂದ್ರದಲ್ಲಿ ಮೂರು ವರ್ಷದವರೆಗೂ ಇರಿಸಬಹುದು. ಊಟ, ಬಟ್ಟೆ, ಚಿಕಿತ್ಸೆ, ಕಸುಬಿನ ತರಬೇತಿ ಅಲ್ಲೇ. ಕಾಯ್ದೆ ಬರೆದವರಿಗೆ ಕರುಣೆ ಇರಲಿಲ್ಲ ಎನ್ನಲಾಗದು. ಆದರೆ ಅದರ ಕಣ್ಣು ಇರುವುದು ಬೀದಿಯ ಮೇಲೆ. ಮಸೀದಿಯ ಮೆಟ್ಟಿಲ ಮೇಲೆ ಕೈಚಾಚಿದ ಮುದುಕ ಕಾಯ್ದೆಗೆ ಕಾಣುತ್ತಾನೆ. ಎರಡು ಗಲ್ಲಿಯಾಚೆ ಮಹಡಿಯ ಕೋಣೆಯಲ್ಲಿ ಕೆಳಗಿಳಿಯಲಾರದೆ, ಬೇಡಲೂ ಆಗದೆ ಕುಳಿತವನು ಕಾಣುವುದಿಲ್ಲ. ಅವನಿಗೆ ಆ ಶೇ 3ರಲ್ಲಿ ಒಂದು ಪೈಸೆಯೂ ಇಲ್ಲ.

ಹಣದ ಕತೆಯೂ ನೇರವಲ್ಲ. ಕರ ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಕೇಂದ್ರ ಪರಿಹಾರ ಸಮಿತಿಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಮತ್ತೆ ಮತ್ತೆ ಸುದ್ದಿಯಾದ ಸಂಗತಿ. ಅದರ ಇನ್ನೊಂದು ತುದಿ ಏನೆಂದು 2010ರ ಆಗಸ್ಟ್‌ನಲ್ಲಿ ನಾಡಿಗೆ ಗೊತ್ತಾಯಿತು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಭೇದಿ, ಕೊಳಕು, ಕಿಕ್ಕಿರಿದ ಕೋಣೆಗಳು, ಸಾಲದ ವೈದ್ಯರು: ಪತ್ರಿಕೆಗಳು ದಿನವೂ ಬರೆದವು, ಸದನದಲ್ಲಿ ಗದ್ದಲವಾಯಿತು. ಆ ಸತ್ತವರಲ್ಲಿ ಎಷ್ಟೋ ಜನ ಮುದುಕರು, ಮನೋರೋಗಿಗಳು. ಅವರಿಗೆ ಬೇಕಿದ್ದದ್ದು ಶುಶ್ರೂಷೆ, ಕೊಟ್ಟದ್ದು ಬಂಧನ. 2018ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಭಿಕ್ಷಾಟನೆ ಕಾನೂನಿನ ಶಿಕ್ಷೆಯ ಕಲಮುಗಳನ್ನು ರದ್ದುಪಡಿಸಿತು. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ಮೈಲ್ ಯೋಜನೆ ಹಿಡಿಯುವುದಕ್ಕಿಂತ ಪುನರ್ವಸತಿಗೆ ಒತ್ತು ಕೊಡಲು ನೋಡುತ್ತಿದೆ. ಕರ್ನಾಟಕದ ಕಾಯ್ದೆ ಮಾತ್ರ ಇನ್ನೂ 1975ರ ಚೌಕಟ್ಟಿನಲ್ಲೇ ಇದೆ.

ಇನ್ನು ಪಿಂಚಣಿ. 1960ರ ದಶಕದಲ್ಲಿ ಮೈಸೂರು ರಾಜ್ಯ ವೃದ್ಧಾಪ್ಯ ವೇತನ ಆರಂಭಿಸಿತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ತಿಂಗಳಿಗೆ 75 ರೂಪಾಯಿಯ ರಾಷ್ಟ್ರೀಯ ವೃದ್ಧಾಪ್ಯ ವೇತನ ತಂದಿತು. 2007ರ ಜುಲೈನಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ತಿಂಗಳಿಗೆ 400 ರೂಪಾಯಿಯಿಂದ ಶುರುವಾಗಿ ಈಗ 1,200ಕ್ಕೆ ಬಂದಿದೆ. ಅಸಂಘಟಿತ ದುಡಿಮೆಗಾರರು ತುಂಬಿದ ಮಂಡಿ ಮೊಹಲ್ಲಾದಂಥ ಕಡೆ ಈ ಹಣಕ್ಕಿರುವ ಬೆಲೆಯನ್ನು ಹಗುರವಾಗಿ ಕಾಣಬಾರದು. ಸೊಸೆಯ ಮುಂದೆ ಕೈಚಾಚದೆ ಮಾತ್ರೆ ಕೊಳ್ಳಬಹುದು, ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡಬಹುದು. ಆದರೆ ಪಿಂಚಣಿ ಕಂದಾಯ ಇಲಾಖೆಯದು. ಅರ್ಜಿ ನಾಡಕಚೇರಿಗೆ, ಪರಿಶೀಲನೆ ಗ್ರಾಮ ಆಡಳಿತ ಅಧಿಕಾರಿಯಿಂದ, ಮಂಜೂರಾತಿ ತಹಶೀಲ್ದಾರರಿಂದ. ನಗರದ ನಡುವೆ ಬದುಕುವ ವೃದ್ಧೆಯ ಕಡತದಲ್ಲಿ ಅವಳ ನಗರಪಾಲಿಕೆಗೆ ಜಾಗವೇ ಇಲ್ಲ. ಬೆರಳಚ್ಚು ಸವೆದು ಆಧಾರ್ ಯಂತ್ರ ಗುರುತಿಸದೆ ಪಿಂಚಣಿ ನಿಂತವರು, ಬ್ಯಾಂಕಿನ ತನಕ ನಡೆಯಲಾರದವರು ಮೊದಲು ಓಡುತ್ತಿದ್ದದ್ದು ವಾರ್ಡಿನ ಕಾರ್ಪೊರೇಟರ ಮನೆಗೆ. ಆತನ ಕೈಯಲ್ಲಿ ಅಧಿಕಾರವಿರಲಿಲ್ಲ, ಶಿಫಾರಸಿತ್ತು.

ಬೀಡಿ ಕಟ್ಟಿದ ಹೆಂಗಸರ ಪ್ರಸಂಗ ಇನ್ನೂ ಕಷ್ಟದ್ದು. ಮೈಸೂರಿನ ಮುಸ್ಲಿಂ ಮೊಹಲ್ಲಾಗಳಲ್ಲಿ ತಲೆಮಾರುಗಳಿಂದ ಮನೆಯಲ್ಲೇ ಕುಳಿತು ಎಲೆ ಕತ್ತರಿಸಿ ಬೀಡಿ ಸುತ್ತುವ ಕೆಲಸ ಹೆಂಗಸರದು. ಹೊಗೆಸೊಪ್ಪಿನ ಧೂಳು ಎದೆಗೆ, ಬಾಗಿ ಕುಳಿತ ಭಂಗಿ ಬೆನ್ನಿಗೆ. 1976ರಲ್ಲಿ ಕೇಂದ್ರ ಸರ್ಕಾರ ಬೀಡಿಯ ಮೇಲೆ ಉಪಕರ ಹಾಕಿ ಕಲ್ಯಾಣ ನಿಧಿ ಮಾಡಿತು. ಬೀಡಿ ಕಾರ್ಮಿಕರಿಗಾಗಿಯೇ ಮೈಸೂರಿನಲ್ಲಿ ಆಸ್ಪತ್ರೆಯೂ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಉಪಕರ ರದ್ದಾಯಿತು. ಕಲ್ಯಾಣದ ಬಾಬ್ತು ಸಾಮಾನ್ಯ ಬಜೆಟ್ಟಿನ ಕೃಪೆಗೆ ಹೋಯಿತು. ದುಡಿಮೆಗೆ ಅಂಟಿಕೊಂಡ ನಿಧಿ ದುಡಿಮೆಯ ಲೆಕ್ಕ ಬದಲಾದಾಗ ಅಲುಗಾಡುತ್ತದೆ. ಊರಿಗೆ ಅಂಟಿಕೊಂಡ ವ್ಯವಸ್ಥೆಯೊಂದು ಇದ್ದಿದ್ದರೆ ಆ ಹೆಂಗಸರ ಮುಪ್ಪಿಗೆ ಇನ್ನೊಂದು ಆಸರೆ ಇರುತ್ತಿತ್ತು.

ಸಂವಿಧಾನ ಅಂಥ ವ್ಯವಸ್ಥೆಗೆ ಬಾಗಿಲು ತೆರೆದಿಟ್ಟಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿತು. ಒಂಬತ್ತನೆಯದು ಅಂಗವಿಕಲರು ಮತ್ತು ಬುದ್ಧಿಮಾಂದ್ಯರೂ ಸೇರಿ ದುರ್ಬಲ ವರ್ಗದವರ ಹಿತರಕ್ಷಣೆ. ಅದಕ್ಕೂ ಮೊದಲೇ, 1988ರಲ್ಲಿ, ಕರ್ನಾಟಕ ಅಂಗವಿಕಲರ ಕಲ್ಯಾಣಕ್ಕೆ ಪ್ರತ್ಯೇಕ ನಿರ್ದೇಶನಾಲಯ ಮಾಡಿತ್ತು. ಹಿರಿಯ ನಾಗರಿಕರೂ ಅದರ ವ್ಯಾಪ್ತಿಗೇ ಬಂದರು. ರಾಜ್ಯದ ನಗರ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಈ ಶೇ 5 ಮೊದಲು ಶೇ 3 ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಏರಿತು. ವಾರ್ಡುಗಳ ಕಡೆಯಿಂದ ಅಂಗವಿಕಲರನ್ನೇ ಗೌರವಧನಕ್ಕೆ ನೇಮಿಸಿ ನಗರ ಪುನರ್ವಸತಿ ಕಾರ್ಯಕರ್ತರೆಂದು ಕರೆದರು. ಯಾರಿಗೆ ಗುರುತಿನ ಚೀಟಿ ಇಲ್ಲ, ಯಾರಿಗೆ ಗಾಲಿಕುರ್ಚಿ ಬೇಕು ಎಂದು ಮನೆಮನೆ ತಿರುಗಿ ತಿಳಿಯುವುದು ಅವರ ಕೆಲಸ. ಪ್ಲೇಗ್ ಇನ್‌ಸ್ಪೆಕ್ಟರ್ ನೂರು ವರ್ಷದ ಹಿಂದೆ ದಾಟಿದ ಹೊಸ್ತಿಲನ್ನು ಬೇರೊಂದು ಕಾರಣಕ್ಕೆ ದಾಟುವವರು ಇವರು. ನಗರಾಡಳಿತದ ಇಡೀ ಏಣಿಯಲ್ಲಿ ಅತ್ಯಂತ ಕಡಿಮೆ ಪಡೆಯುವವರ ಸಾಲಿನಲ್ಲೂ ಇವರೇ ಇದ್ದಾರೆ ಎಂಬುದು ನೋವಿನ ಸಂಗತಿ.

ಶೇ 5ರ ಹಣದಲ್ಲಿ ಪಾಲಿಕೆಗಳು ಎಲ್ಲಕ್ಕಿಂತ ಹೆಚ್ಚು ಮಾಡುವುದು ತ್ರಿಚಕ್ರ ವಾಹನ ವಿತರಣೆ. ವಾಹನ ಸಿಕ್ಕವನ ಬದುಕು ಬದಲಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಪಾರ್ಶ್ವವಾಯು ಬಡಿದು ಮಲಗಿದವರಿಗೆ ದಿನಕ್ಕೆ ಎರಡು ಗಂಟೆ ಕೈಯಾಸರೆ ಕೊಡುವವರು ಬೇಕು, ಹಾಸಿಗೆ ಹುಣ್ಣಿಗೆ ಮದ್ದು ಹಚ್ಚುವ ದಾದಿ ಬೇಕು, ನೋಡಿಕೊಂಡು ಸುಸ್ತಾದ ಮಗಳಿಗೆ ಒಂದು ದಿನದ ಬಿಡುವು ಬೇಕು. ವಸ್ತು ಕೊಳ್ಳುವ ಟೆಂಡರ್ ಕರೆಯಲು ಪಾಲಿಕೆಗೆ ಗೊತ್ತು. ಮನುಷ್ಯರ ಹೊತ್ತನ್ನು ಒದಗಿಸುವುದು ಹೇಗೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. 2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಉಪವಿಭಾಗಾಧಿಕಾರಿಯ ಮುಂದೆ ಮಕ್ಕಳ ಮೇಲೆ ದೂರು ಕೊಡಲು ಹಿರಿಯರಿಗೆ ದಾರಿ ಮಾಡಿತು. ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮ ಇರಲೆಂದಿತು. ಅದರಲ್ಲೂ ಮನೆಗೇ ಬರುವ ಆರೈಕೆಯ ಮಾತಿಲ್ಲ.

ಮೈಸೂರಿನ ಪಾಲಿಕೆಗೆ ಇದು ಸಾಧ್ಯವೇ ಇಲ್ಲ ಎನ್ನುವವರು 2020ರ ಬೇಸಿಗೆಯನ್ನು ನೆನೆಯಬೇಕು. ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ದೇಶಕ್ಕೆ ಬೀಗ ಬಿದ್ದಾಗ ಬಸ್ ನಿಲ್ದಾಣ, ಮಾರುಕಟ್ಟೆ, ಪಾದಚಾರಿ ಮಾರ್ಗಗಳಲ್ಲಿ ಮಲಗುತ್ತಿದ್ದವರಿಗೆ ಊಟವೂ ಇಲ್ಲ, ಬೇಡಲು ಜನವೂ ಇಲ್ಲ. ಆಗ ಪಾಲಿಕೆ ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರದ ಬಾಗಿಲು ತೆರೆಯಿತು. ಖಾದಿ ಮೇಳ, ವಸ್ತುಪ್ರದರ್ಶನಗಳಿಗೆ ಮೈಸೂರಿಗರು ಹೋಗಿಬರುತ್ತಿದ್ದ ಹಳೆಯ ಛತ್ರ ಮತ್ತೆ ತಾನು ಹುಟ್ಟಿದ ಕೆಲಸಕ್ಕೆ ಬಂತು. ಬೀದಿಯವರಿಗೆ ಅಲ್ಲಿ ಸ್ನಾನ, ಕ್ಷೌರ, ಊಟ, ವೈದ್ಯರ ತಪಾಸಣೆ ಸಿಕ್ಕಿದವು. ಸ್ವಯಂಸೇವಾ ಸಂಸ್ಥೆಗಳು ಕೈಜೋಡಿಸಿದವು. ಮುಖ್ಯವಾದ ಮಾತೆಂದರೆ ಅಲ್ಲಿದ್ದವರ ಹೆಸರು, ಊರು, ಕಾಯಿಲೆ, ಕುಡಿತದ ಚಟ, ಬಿಟ್ಟುಬಂದ ಮನೆಯ ವಿಳಾಸಗಳನ್ನು ಆಡಳಿತ ಕೂತು ಕೇಳಿತು. ಒಬ್ಬೊಬ್ಬರೂ ಬೇರೆ ಬೇರೆ ಕಾರಣಕ್ಕೆ ಬೀದಿಗೆ ಬಂದವರೆಂಬುದು ಪಾಲಿಕೆಯ ಸಿಬ್ಬಂದಿಗೆ ಎದುರೆದುರೇ ಗೊತ್ತಾಯಿತು. ಸುಪ್ರೀಂ ಕೋರ್ಟ್ 2010ರಲ್ಲೇ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ವರ್ಷವಿಡೀ ತೆರೆದಿರುವ ಆಶ್ರಯಕೇಂದ್ರ ಬೇಕೆಂದಿತ್ತು. 2011ರ ಗಣತಿಯಂತೆ ಸುಮಾರು ಒಂಬತ್ತು ಲಕ್ಷವಿದ್ದ ಮೈಸೂರಿಗೆ ಆ ಲೆಕ್ಕದಲ್ಲಿ ಒಂಬತ್ತು ಬೇಕು.

ಹೊರಗೆ ನೋಡುವುದಾದರೆ ಬಹಳ ದೂರ ಹೋಗಬೇಕಿಲ್ಲ. ಕಾಸರಗೋಡಿನ ಕನ್ನಡ ಸೀಮೆಯ ಎಣ್ಮಕಜೆ ಪಂಚಾಯಿತಿಯನ್ನೇ ತೆಗೆದುಕೊಳ್ಳಬಹುದು. ಅಲ್ಲಿನ ಪಡ್ರೆ, ಸ್ವರ್ಗ ಎಂಬ ಊರುಗಳ ಸುತ್ತಲ ಗೇರು ತೋಟಗಳ ಮೇಲೆ ಎರಡು ದಶಕ ಕಾಲ, 2000ನೇ ಇಸವಿಯ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮಲಗಿದಲ್ಲೇ ದೊಡ್ಡವರಾದ ಮಕ್ಕಳು, ಅವರನ್ನು ಎತ್ತಿ ಇಳಿಸುತ್ತ ಮುದುಕರಾದ ತಾಯ್ತಂದೆಯರು ಅಲ್ಲಿನ ಮನೆಮನೆಯಲ್ಲಿದ್ದಾರೆ. ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2017 ಬಂದಿತ್ತು. ಪರಿಹಾರದ ಹಣ ಬರಲು ಜನ ಬೀದಿಗಿಳಿಯಬೇಕಾಯಿತು, ಅದು ಬೇರೆ ಮಾತು. ಆದರೆ ಕೇರಳದಲ್ಲಿ ಪಂಚಾಯಿತಿಯ ದಾದಿ ಮನೆಗೆ ಬರುತ್ತಾಳೆ. ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಶುರುಮಾಡಿದ ಉಪಶಾಮಕ ಆರೈಕೆ ಮಲಪ್ಪುರದ ಹಳ್ಳಿಗಳಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಸ್ಥಳೀಯ ಸಂಸ್ಥೆ ತನ್ನ ಯೋಜನಾ ನಿಧಿಯಿಂದ ದಾದಿಗೂ ವಾಹನಕ್ಕೂ ಹಣ ಇಡುತ್ತದೆ. ಹಾಸಿಗೆ ಹಿಡಿದವರ ಪಟ್ಟಿ ಪಂಚಾಯಿತಿಯ ಕೈಯಲ್ಲಿರುತ್ತದೆ. ಮಂಜೇಶ್ವರ ದಾಟಿ ತಲಪಾಡಿಗೆ ಬಂದರೆ ಭಾಷೆ ಅದೇ, ಮಳೆ ಅದೇ. ಆ ಪಟ್ಟಿ ಮಾತ್ರ ಇಲ್ಲ.

ಇಂಗ್ಲೆಂಡಿನಲ್ಲಿ 1948ರಲ್ಲಿ ಹಳೆಯ ಬಡವರ ಕಾನೂನು ರದ್ದಾಗಿ, ದಿಕ್ಕಿಲ್ಲದ ವೃದ್ಧರಿಗೆ ವಸತಿ ಒದಗಿಸುವ ಹೊಣೆ ಸ್ಥಳೀಯ ಕೌನ್ಸಿಲ್‌ಗಳ ಮೇಲೆ ಬಿತ್ತು. 2014ರ ಆರೈಕೆ ಕಾಯ್ದೆಯಂತೆ ಆರೈಕೆ ಬೇಕಿರಬಹುದೆಂದು ಕಾಣುವ ಯಾವ ವಯಸ್ಕರ ಅಗತ್ಯವನ್ನಾದರೂ ಕೌನ್ಸಿಲ್ ಅಳೆದು ನೋಡಲೇಬೇಕು. ನೋಡಿಕೊಳ್ಳುವ ಮನೆಯವರ ಅಗತ್ಯವನ್ನೂ ಅಳೆಯಬೇಕು. 2023ರಿಂದ ಕೌನ್ಸಿಲ್‌ಗಳ ಈ ಕೆಲಸವನ್ನೇ ಪರೀಕ್ಷಿಸಿ ದರ್ಜೆ ಕೊಡುವ ಪದ್ಧತಿಯೂ ಬಂದಿದೆ. ಹಣದ ಕೊರತೆಯಿಂದ ಅಲ್ಲಿಯ ಕೌನ್ಸಿಲ್‌ಗಳೂ ಏದುಸಿರು ಬಿಡುತ್ತಿವೆ. ಆದರೂ ತನ್ನ ಊರಿನ ಆಡಳಿತ ಮುದುಕರನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂದು ಅಲ್ಲಿನ ನಾಗರಿಕ ಓದಿ ತಿಳಿಯಬಲ್ಲ, ಪಕ್ಕದ ಊರಿನೊಡನೆ ಹೋಲಿಸಬಲ್ಲ.

ಅಳೆದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿಗೆ ಇಂಗ್ಲೆಂಡಿನ ಉದಾಹರಣೆಯೇ ಬೇಕಿಲ್ಲ. ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015ರಲ್ಲಿ 476 ನಗರಗಳ ನಡುವೆ, 2016ರಲ್ಲಿ 73 ನಗರಗಳ ನಡುವೆ ಮೈಸೂರು ಮೊದಲಿಗೆ ನಿಂತಿತು. ಕಸ ಎತ್ತಿದ್ದು ಪೌರಕಾರ್ಮಿಕರು. ಬೇರ್ಪಡಿಸಿ ಕೊಟ್ಟದ್ದು ಹೆಂಗಸರು. ವಾರ್ಡುವಾರು ಲೆಕ್ಕ ಇಟ್ಟದ್ದು ಪಾಲಿಕೆ. ದಿನ ಬೆಳಗಾದರೆ ಮಂಡಿ ಮೊಹಲ್ಲಾದ ಪ್ರತಿ ಬಾಗಿಲಿಗೂ ಹೋಗುವ ಸಾಮರ್ಥ್ಯ ಈ ಸಂಸ್ಥೆಗೆ ಇದೆ. ಯಾವ ಮನೆಯ ಅಜ್ಜಿ ವಾರದಿಂದ ಹೊರಗೆ ಕಾಣಿಸಿಲ್ಲ ಎಂಬುದು ಆ ಬೀದಿಯ ಪೌರಕಾರ್ಮಿಕಳಿಗೆ ತಿಳಿದಿರುತ್ತದೆ. ಅವಳನ್ನು ಯಾರೂ ಅದನ್ನು ಕೇಳುವುದಿಲ್ಲ, ಹೇಳಿದರೆ ಬರೆದುಕೊಳ್ಳುವ ಪುಸ್ತಕವೂ ಇಲ್ಲ. ಕಸದ ತೂಕದಷ್ಟೇ ಕಟ್ಟುನಿಟ್ಟಾಗಿ ಹಾಸಿಗೆ ಹಿಡಿದವರ ಎಣಿಕೆಯನ್ನೂ ವಾರ್ಡುವಾರು ಇಡುವುದು ಮೊದಲ ಸುಧಾರಣೆಯಾಗಬೇಕು. ಭಿಕ್ಷುಕರ ಕರದಲ್ಲಿ ಒಂದು ಪಾಲು ಸಂಗ್ರಹವಾದ ವಾರ್ಡಿನಲ್ಲೇ ಮನೆ ಆರೈಕೆಗೆ ಉಳಿಯುವಂತೆ ಕಾಯ್ದೆ ತಿದ್ದುವುದು ಎರಡನೆಯದು. ಹೊಸ ಕರ ಬೇಕಿಲ್ಲ, ಜನ ಆಗಲೇ ಕಟ್ಟುತ್ತಿದ್ದಾರೆ. ಪುನರ್ವಸತಿ ಕಾರ್ಯಕರ್ತರಿಗೆ ಗೌರವಧನದ ಬದಲು ಸಂಬಳ, ಮಿಷನ್ ಆಸ್ಪತ್ರೆಯಂಥ ಕಡೆ ಶುಶ್ರೂಷೆಯ ತರಬೇತಿ ಕೊಡಿಸಬೇಕು. ಇದಕ್ಕೆ ಬೇಕಾದ ವಿದ್ಯೆ ಮೊಹಲ್ಲಾದೊಳಗೇ ನೂರಕ್ಕೂ ಹೆಚ್ಚು ವರ್ಷದಿಂದ ಇದೆ.

ಇದನ್ನೆಲ್ಲ ಕೂತು ನಿರ್ಧರಿಸಬೇಕಾದ ಜಾಗವೂ ಕಾನೂನಿನಲ್ಲಿದೆ. ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಪ್ರತಿ ವಾರ್ಡಿಗೂ ಹತ್ತು ಸದಸ್ಯರ ಸಮಿತಿ ಇರಬೇಕೆಂದಿದೆ. ಅದರಲ್ಲಿ ಮೂವರಾದರೂ ಹೆಂಗಸರು, ಇಬ್ಬರಾದರೂ ಪರಿಶಿಷ್ಟರು, ನಿವಾಸಿಗಳ ಸಂಘದ ಪ್ರತಿನಿಧಿಗಳು ಇರಬೇಕು. ಮೈಸೂರಿನ ನಾಗರಿಕ ಸಂಘಟನೆಗಳು ವರ್ಷಗಳಿಂದ ಇದನ್ನು ಕೇಳುತ್ತಲೇ ಬಂದಿವೆ. ಆದರೆ 65 ವಾರ್ಡುಗಳ ಚುನಾಯಿತ ಸಭೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು, ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಪಿಂಚಣಿ ನಿಂತಾಗ ಮಂಡಿ ಮೊಹಲ್ಲಾದ ವೃದ್ಧರು ಓಡಿ ಹೋಗುತ್ತಿದ್ದ ಕಾರ್ಪೊರೇಟರ ಬಾಗಿಲೂ ಅಂದಿಗೆ ಇಲ್ಲವಾಯಿತು. ಕಂದಾಯದ ಜೊತೆ ಶೇ 3ರ ವಸೂಲಿ ಎಂದಿನಂತೆ ನಡೆಯಿತು.